ಶುಕ್ರವಾರದ ಪ್ರಶ್ನೆಗಳಲ್ಲಿ ನಮ್ಮ ಜಿಲ್ಲೆಗಳೂ ಇರಲಿ

ಮಾನ್ಯ ಸಂಪಾದಕರೇ,

ಸಂಸತ್ತಿನ ಅಧಿವೇಶನ ನಡೆಯುವ ದಿನಗಳಲ್ಲಿ ತಮ್ಮ ಪತ್ರಿಕೆಯ ಮುಖಪುಟದಲ್ಲಿ ಸದನದ ಬಾವಿಗಿಳಿದವರ, ಫಲಕ ಹಿಡಿದವರ, ಅಮಾನತಾದವರ ಸುದ್ದಿಗೆ ಕೊರತೆ ಇರುವುದಿಲ್ಲ. ಅದೇ ದಿನ ಯಾವ ಸದಸ್ಯರು ಯಾವ ಸಚಿವರನ್ನು ಏನು ಕೇಳಿದರು, ಸಚಿವರು ಏನು ಉತ್ತರ ಕೊಟ್ಟರು ಎಂಬುದು ಮಾತ್ರ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ, ಇಲ್ಲವೆ ಬರುವುದೇ ಇಲ್ಲ. ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನನಗೆ ಲೋಕಸಭೆ ಮತ್ತು ರಾಜ್ಯಸಭೆಗಳ ಜಾಲತಾಣದಲ್ಲಿ ಪ್ರಶ್ನೋತ್ತರಗಳನ್ನು ಓದುವ ಅಭ್ಯಾಸವಿದೆ. ಅದರಲ್ಲೂ ರಕ್ಷಣೆ, ಆರೋಗ್ಯ ಮತ್ತು ವಿದೇಶಾಂಗ ಈ ಮೂರು ಖಾತೆಗಳ ಉತ್ತರಗಳನ್ನು ಓದಿದಾಗಲೆಲ್ಲ ನನಗೆ ಅನ್ನಿಸುವ ಒಂದು ಮಾತನ್ನು ತಮ್ಮ ಮೂಲಕ ನಮ್ಮ ಭಾಗದ ಸಂಸದರ ಮುಂದೆಯೂ ಓದುಗರ ಮುಂದೆಯೂ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ಜಾಗ ಇದ್ದಷ್ಟು ಪ್ರಕಟಿಸಿದರೂ ಸಂತೋಷ.

ಖಾತೆಗಳ ಸರದಿ ಅಧಿವೇಶನದಿಂದ ಅಧಿವೇಶನಕ್ಕೆ ಬದಲಾಗಬಹುದಾದರೂ, ಇತ್ತೀಚಿನ ವರ್ಷಗಳಲ್ಲಿ ಲೋಕಸಭೆಯಲ್ಲಿ ಈ ಮೂರೂ ಖಾತೆಗಳ ಸಚಿವರು ಉತ್ತರ ಕೊಡುವ ದಿನ ಶುಕ್ರವಾರ. ಅಂದರೆ ಗಡಿಯ ಸೈನಿಕ, ಜಿಲ್ಲಾಸ್ಪತ್ರೆಯ ರೋಗಿ ಮತ್ತು ನೆರೆಯ ದೇಶಕ್ಕೆ ನಾವು ಕೊಡುವ ನೆರವು, ಮೂರೂ ಒಂದೇ ದಿನದ ಪಟ್ಟಿಯಲ್ಲಿ ಬರುತ್ತವೆ. ಇವು ದೆಹಲಿಯ ದೊಡ್ಡವರ ವಿಷಯ, ನಮ್ಮ ಭಾಗದ ಸಂಸದರು ರೈಲು, ರಸ್ತೆ, ವಿಶೇಷ ಅನುದಾನ ಕೇಳಿದರೆ ಸಾಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ರೈಲು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಶುಕ್ರವಾರದ ಪಟ್ಟಿಯಲ್ಲಿ ಕಲಬುರಗಿ, ಬೀದರ್, ಯಾದಗಿರಿಗೆ ಸಂಬಂಧಿಸಿದ್ದು ನಾವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಿದೆ, ಮತ್ತು ಅದನ್ನು ಕೇಳುವ ಬಗೆಯಲ್ಲಿಯೇ ಉತ್ತರದ ಹಣೆಬರಹ ಅಡಗಿದೆ ಎಂಬುದು ನನ್ನ ನಿವೇದನೆ.

ಮೊದಲು ನಿಯಮಗಳ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪ್ರಶ್ನೆ ಕೇಳಬೇಕಾದ ಸದಸ್ಯರು ಕನಿಷ್ಠ 15 ದಿನ ಮುಂಚಿತವಾಗಿ ಸೂಚನೆ ಕೊಡಬೇಕು. ಲೋಕಸಭೆಯಲ್ಲಿ ಒಂದು ದಿನಕ್ಕೆ ಒಬ್ಬರು ಐದಕ್ಕಿಂತ ಹೆಚ್ಚು ಸೂಚನೆ ಕೊಡುವಂತಿಲ್ಲ. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಬಂದ ಸೂಚನೆಗಳನ್ನು ಲಾಟರಿ ಹಾಕಿ ಆರಿಸುತ್ತಾರೆ. ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆಗಳಿಗೆ ಚುಕ್ಕೆ ಗುರುತು ಬೀಳುತ್ತದೆ, 230 ಪ್ರಶ್ನೆಗಳು ಚುಕ್ಕೆ ಗುರುತಿಲ್ಲದ ಪಟ್ಟಿಗೆ ಸೇರುತ್ತವೆ. ಚುಕ್ಕೆ ಬಿದ್ದದ್ದಕ್ಕೆ ಸಚಿವರು ಎದ್ದುನಿಂತು ಉತ್ತರಿಸಬೇಕು, ಸದಸ್ಯರು ಅಲ್ಲಿಯೇ ಉಪಪ್ರಶ್ನೆ ಹಾಕಬಹುದು. ಉಳಿದವುಗಳಿಗೆ ಲಿಖಿತ ಉತ್ತರ ಮಾತ್ರ. ಬೆಳಿಗ್ಗೆ 11ರಿಂದ 12ರವರೆಗಿನ ಒಂದು ಗಂಟೆಯಲ್ಲಿ ಆ 20 ಪ್ರಶ್ನೆಗಳೂ ಮುಗಿಯುವುದು ಎಷ್ಟು ಅಪರೂಪವೆಂದರೆ, 2019ರ ನವೆಂಬರ್ 27ರಂದು ಇಪ್ಪತ್ತೂ ಮುಗಿದಾಗ 1972ರ ನಂತರ ಇದೇ ಮೊದಲು ಎಂದು ಸುದ್ದಿಯಾಯಿತು. ಗದ್ದಲದಲ್ಲಿ ಕೊಚ್ಚಿಹೋಗುವುದು ಕೂಡ ಮೊದಲು ಈ ಒಂದು ಗಂಟೆಯೇ. ಕೊರೊನಾ ಕಾಲದ 2020ರ ಮುಂಗಾರು ಅಧಿವೇಶನದಲ್ಲಂತೂ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟು, ವಿರೋಧ ಬಂದ ಮೇಲೆ ಲಿಖಿತ ಉತ್ತರಗಳಿಗೆ ಮಾತ್ರ ಅವಕಾಶ ಕೊಟ್ಟರು. ಸಚಿವರನ್ನು ಅತ್ಯಂತ ಹೆಚ್ಚು ಕೇಳಬೇಕಾಗಿದ್ದ ಕಾಲದಲ್ಲಿಯೇ ಹಾಗಾಯಿತು ಎಂಬುದನ್ನು ಗಮನಿಸಬೇಕು.

ಆರೋಗ್ಯದ ವಿಷಯದಲ್ಲಿ ಮಾತನಾಡಲು ಕಲಬುರಗಿಗೆ ಬೇರೆ ಯಾವ ಊರಿಗೂ ಇಲ್ಲದ ಹಕ್ಕಿದೆ. ದೇಶದಲ್ಲಿ ಕೊರೊನಾದಿಂದ ದಾಖಲಾದ ಮೊದಲ ಸಾವು ನಮ್ಮ ಊರಿನದು. ಸೌದಿ ಅರೇಬಿಯಾದಿಂದ ಮರಳಿದ್ದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗಿದ್ದದ್ದು ಕೊರೊನಾ ಎಂದು ಖಚಿತವಾದದ್ದು ಮಾರ್ಚ್ 12ರಂದು. ಅಂದು ಕಲಬುರಗಿಯಲ್ಲಿ ಪರೀಕ್ಷೆಗೆ ಪ್ರಯೋಗಾಲಯ ಇರಲಿಲ್ಲ, ಗಂಟಲ ದ್ರವದ ಮಾದರಿ ಬೆಂಗಳೂರಿಗೆ ಹೋಗಬೇಕಾಗಿತ್ತು. ರೋಗಿಯನ್ನು ಹೈದರಾಬಾದಿಗೆ ಕರೆದೊಯ್ದು, ಮರಳಿ ತರುವ ದಾರಿಯಲ್ಲಿ ಜೀವ ಹೋಯಿತು. ಹೈದರಾಬಾದ್ ಅಥವಾ ಸೊಲ್ಲಾಪುರದ ದಾರಿ ಹಿಡಿದ ಆಂಬುಲೆನ್ಸು ನಮ್ಮ ಮೂರೂ ಜಿಲ್ಲೆಗಳವರಿಗೆ ಹೊಸ ದೃಶ್ಯವೇನಲ್ಲ. ಆ ಒಂದು ಪ್ರಕರಣದಿಂದ ದೇಶದ ಗಮನ ಇತ್ತ ತಿರುಗಿತು, ಅಷ್ಟೇ.

ಮರುವರ್ಷ ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕಾಗಿ ಜನ ಪರದಾಡಿದ್ದು ಎಲ್ಲರಿಗೂ ನೆನಪಿದೆ. 2021ರ ಮೇ ತಿಂಗಳ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಸತ್ತರು, ಹೈಕೋರ್ಟ್ ಅದರ ವಿಚಾರಣೆಗೆ ಸಮಿತಿ ನೇಮಿಸಿತು. ಅದಾಗಿ ಎರಡೂವರೆ ತಿಂಗಳಿಗೆ, ಜುಲೈ 20ರಂದು, ಎರಡನೆಯ ಅಲೆಯಲ್ಲಿ ಆಮ್ಲಜನಕದ ಕೊರತೆಯಿಂದಾದ ಸಾವುಗಳ ಬಗ್ಗೆ ರಾಜ್ಯಸಭೆಯಲ್ಲಿ ಕೇಳಿದ ಪ್ರಶ್ನೆಗೆ ಕೇಂದ್ರ ಆರೋಗ್ಯ ಖಾತೆಯ ರಾಜ್ಯ ಸಚಿವರು ಕೊಟ್ಟ ಲಿಖಿತ ಉತ್ತರದ ಸಾರ ಇಷ್ಟು: ಆರೋಗ್ಯ ರಾಜ್ಯ ಪಟ್ಟಿಯ ವಿಷಯ, ಅಂದರೆ ಸಂವಿಧಾನದ ಪ್ರಕಾರ ರಾಜ್ಯಗಳ ಹೊಣೆ, ಸಾವುಗಳ ವರದಿಯನ್ನು ರಾಜ್ಯಗಳು ಕಳುಹಿಸುತ್ತವೆ, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ದೇಶವೆಲ್ಲ ಸಿಟ್ಟಾಯಿತು. ಸಿಟ್ಟು ಸಹಜವೇ. ಆದರೆ ಕಾಗದದ ಮೇಲೆ ನೋಡಿದರೆ ಆ ಉತ್ತರದಲ್ಲಿ ಹಿಡಿದು ನಿಲ್ಲಿಸಲು ಒಂದು ಎಳೆಯೂ ಸಿಗುವಂತಿರಲಿಲ್ಲ. ಕೇಂದ್ರ ರಾಜ್ಯದತ್ತ ಕೈ ತೋರಿಸಿತು, ಕೆಲವು ರಾಜ್ಯಗಳು ತಮ್ಮನ್ನು ಕೇಂದ್ರ ಆ ರೀತಿ ಕೇಳಿಯೇ ಇರಲಿಲ್ಲ ಎಂದವು. ಸತ್ತವರ ಮನೆಯವರು ನಡುವೆ ಉಳಿದರು.

ಇಂಥಲ್ಲಿಯೇ ಪ್ರಶ್ನೆ ಕೇಳುವವರ ಕಸುಬು ಗೊತ್ತಾಗುವುದು. ಆಮ್ಲಜನಕದ ಕೊರತೆಯಿಂದ ಎಷ್ಟು ಮಂದಿ ಸತ್ತರು ಎಂದು ಕೇಳಿದರೆ ಉತ್ತರ ರಾಜ್ಯಗಳ ಹೆಗಲಿಗೆ ಜಾರುತ್ತದೆ. ಅದರ ಬದಲು, ಸಾವಿನ ವರದಿಗಾಗಿ ಕೇಂದ್ರ ಆರೋಗ್ಯ ಖಾತೆ ರಾಜ್ಯಗಳಿಗೆ ಕಳುಹಿಸಿದ ನಮೂನೆಯಲ್ಲಿ ಆಮ್ಲಜನಕದ ಲಭ್ಯತೆಗೆ ಸಂಬಂಧಿಸಿದ ಕಲಂ ಇತ್ತೇ, ಇಲ್ಲದಿದ್ದರೆ ಪ್ರತ್ಯೇಕವಾಗಿ ಮಾಹಿತಿ ಕೇಳಿ ಯಾವ ದಿನಾಂಕದಂದು ಪತ್ರ ಬರೆಯಲಾಯಿತು, ಕರ್ನಾಟಕ ಸರ್ಕಾರದಿಂದ ಉತ್ತರ ಬಂದ ದಿನಾಂಕ ಯಾವುದು ಎಂದು ಕೇಳಿದ್ದರೆ, ಅದೆಲ್ಲ ಸಚಿವರ ಸ್ವಂತ ಕಚೇರಿಯ ಕಡತದಲ್ಲಿಯೇ ಇರುವ ವಿಷಯವಾದ್ದರಿಂದ, ರಾಜ್ಯ ಪಟ್ಟಿಯ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಕೈಯಿಂದ ಎರಚಿದ ಬೀಜಕ್ಕೂ ಕೂರಿಗೆಯಿಂದ ಸಾಲು ಹಿಡಿದು ಬಿತ್ತಿದ ಬೀಜಕ್ಕೂ ಇರುವ ವ್ಯತ್ಯಾಸವೇ ಈ ಎರಡು ಬಗೆಯ ಪ್ರಶ್ನೆಗಳಿಗೂ ಇದೆ.

ನಮ್ಮ ಮೂರು ಜಿಲ್ಲೆಗಳ ಆಸ್ಪತ್ರೆಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಯಾವ ಆಸ್ಪತ್ರೆಯ ಪ್ರಶ್ನೆ ಯಾವ ಸಚಿವರಿಗೆ ಎಂಬುದೇ ಬಹುಮಂದಿಗೆ ತಿಳಿಯದು. ಕಲಬುರಗಿಯ ಜಿಮ್ಸ್ ಮತ್ತು ಬೀದರ್‌ನ ಬ್ರಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ರಾಜ್ಯ ಸರ್ಕಾರದವು. ಅವುಗಳ ಹಾಸಿಗೆ, ಔಷಧಿ, ವೈದ್ಯರ ಕೊರತೆಯನ್ನು ನಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಬೇಕು. ಕಲಬುರಗಿಯ ಇಎಸ್‌ಐ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಕೇಂದ್ರದ್ದೇ ಆದರೂ ಆರೋಗ್ಯ ಖಾತೆಯದಲ್ಲ, ಕಾರ್ಮಿಕ ಖಾತೆಗೆ ಸೇರಿದ್ದು. ಅದರ ಬಗ್ಗೆ ಶುಕ್ರವಾರ ಆರೋಗ್ಯ ಸಚಿವರನ್ನು ಕೇಳಿದರೆ ಪ್ರಶ್ನೆ ಖಾತೆಯಿಂದ ಖಾತೆಗೆ ಅಲೆಯುತ್ತದೆ. ಯಾದಗಿರಿಯ ವೈದ್ಯಕೀಯ ಕಾಲೇಜು ಕೇಂದ್ರ ಪುರಸ್ಕೃತ ಯೋಜನೆಯಡಿ, ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಹಣ ಹಾಕುವ ಕರಾರಿನ ಮೇಲೆ ಬಂದದ್ದು. ಆದ್ದರಿಂದ ಕೇಂದ್ರದ ಪಾಲು ಎಷ್ಟು ಕಂತುಗಳಲ್ಲಿ ಬಿಡುಗಡೆಯಾಯಿತು, ಬಳಕೆ ಪ್ರಮಾಣಪತ್ರ ಬಂದಿದೆಯೇ ಎಂದು ಕೇಂದ್ರ ಆರೋಗ್ಯ ಸಚಿವರನ್ನು ನೇರವಾಗಿಯೇ ಕೇಳಬಹುದು. ಹಿಂದುಳಿದವೆಂದು ವಿಶೇಷ ಗಮನಕ್ಕಾಗಿ ಕೇಂದ್ರ ಆರಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಯಾದಗಿರಿ 2018ರಿಂದ ಇದೆ, ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿರುವ ಇನ್ನೊಂದು ಜಿಲ್ಲೆ ರಾಯಚೂರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಕ್ಕಳ ಬೆಳವಣಿಗೆ ಕುಂಠಿತವಾಗಿರುವ ವಿಷಯದಲ್ಲಿ ಯಾದಗಿರಿ ರಾಜ್ಯದ ಅತ್ಯಂತ ಹಿಂದುಳಿದ ಸಾಲಿನಲ್ಲಿ ನಿಂತಿತು. ಪಟ್ಟಿಗೆ ಸೇರಿಸಿದವರು ಕೇಂದ್ರದವರೇ ಆದಾಗ, ಪಟ್ಟಿಗೆ ಸೇರಿದ್ದರಿಂದ ಆ ಮಕ್ಕಳಿಗೆ ಏನು ಸಿಕ್ಕಿತು ಎಂದು ಕೇಳಲು ರಾಜ್ಯ ಪಟ್ಟಿಯ ಅಡ್ಡಿ ಇಲ್ಲ.

ಈ ಮಧ್ಯೆ ಒಂದು ಮಾತು. ಯಾದಗಿರಿ ಪಟ್ಟಣದ ಮತದಾರನ ಸಂಸದರು ರಾಯಚೂರು ಕ್ಷೇತ್ರದವರು. ಅದೇ ಜಿಲ್ಲೆಯ ಗುರುಮಠಕಲ್‌ನವರ ಸಂಸದರು ಕಲಬುರಗಿಯವರು. ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿಯವರ ಸಂಸದರು ಬೀದರ್‌ನವರು. ಕ್ಷೇತ್ರದ ಗಡಿಯೂ ಜಿಲ್ಲೆಯ ಗಡಿಯೂ ಹೀಗೆ ಹೆಣೆದುಕೊಂಡಿರುವಾಗ, ಈ ಮೂವರು ಒಟ್ಟಿಗೆ ಕುಳಿತು ಯಾರು ಯಾವುದನ್ನು ಕೇಳಬೇಕೆಂದು ಹಂಚಿಕೊಂಡರೆ ಒಂದೇ ಪ್ರಶ್ನೆ ಮೂರು ಸಲ ಹೋಗುವುದೂ ತಪ್ಪುತ್ತದೆ, ಯಾರೂ ಕೇಳದೆ ಉಳಿಯುವುದೂ ತಪ್ಪುತ್ತದೆ. ಪಕ್ಷ ಯಾವುದಾದರೂ ಇದಕ್ಕೆ ಅಡ್ಡಿಯಾಗಬೇಕಿಲ್ಲ.

ರಕ್ಷಣೆಯ ವಿಷಯಕ್ಕೆ ಬಂದರೆ, ಬೀದರ್‌ನವರಿಗೆ ವಾಯುಪಡೆ ಪರಿಚಯಿಸಿಕೊಡಬೇಕಾದದ್ದಲ್ಲ. ಹಾಕ್ ತರಬೇತಿ ವಿಮಾನಗಳು 2008ರಲ್ಲಿ ವಿಧ್ಯುಕ್ತವಾಗಿ ವಾಯುಪಡೆಗೆ ಸೇರಿದ್ದು ಬೀದರ್ ವಾಯುನೆಲೆಯಲ್ಲಿ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಅಲ್ಲಿಯೇ. 2020ರ ಫೆಬ್ರುವರಿಯಲ್ಲಿ ಅಲ್ಲಿ ನಾಗರಿಕ ವಿಮಾನ ಸೇವೆ ಆರಂಭವಾಯಿತು, ನಡುವೆ ನಿಂತಿತು, ಮತ್ತೆ ಶುರುವಾಯಿತು. ವಿಮಾನ ಹಾರಿಸುವುದು ನಾಗರಿಕ ವಿಮಾನಯಾನ ಖಾತೆಯ ಉಡಾನ್ ಯೋಜನೆ, ಆದರೆ ಓಡುದಾರಿ ವಾಯುಪಡೆಯದು. ಆದ್ದರಿಂದ ನಾಗರಿಕ ವಿಮಾನಗಳಿಗೆ ದಿನದ ಯಾವ ಹೊತ್ತು ಬಿಟ್ಟುಕೊಡಲಾಗಿದೆ, ಅದನ್ನು ಹೆಚ್ಚಿಸುವ ಪ್ರಸ್ತಾವ ಇದೆಯೇ ಎಂದು ರಕ್ಷಣಾ ಸಚಿವರನ್ನೇ ಕೇಳಬೇಕು. ವಾಯುನೆಲೆಯ ಸುತ್ತ ಮನೆ ಕಟ್ಟುವವರಿಗೆ ಬೇಕಾಗುವ ನಿರಾಕ್ಷೇಪಣಾ ಪತ್ರದ ವಿಷಯವೂ ಹಾಗೆಯೇ. ಅದರ ಹಿಂದೆ ಇರುವುದು 1903ರ ಬ್ರಿಟಿಷ್ ಕಾಲದ ರಕ್ಷಣಾ ಕಾಮಗಾರಿಗಳ ಕಾಯ್ದೆ. ಅರ್ಜಿ ಎಷ್ಟು ಬಂದವು, ಎಷ್ಟು ದಿನದಲ್ಲಿ ವಿಲೇವಾರಿಯಾದವು ಎಂದು ಕೇಳಿದರೆ ಯಾವ ರಹಸ್ಯವೂ ಹೊರಬೀಳುವುದಿಲ್ಲ.

ರಹಸ್ಯದ ಮಾತು ಬಂದದ್ದರಿಂದ ಹೇಳುತ್ತೇನೆ. ರಕ್ಷಣಾ ಖಾತೆಗೆ ಕೆಲವು ಪ್ರಶ್ನೆಗಳಿಗೆ ಉತ್ತರ ನಿರಾಕರಿಸುವ ಅಧಿಕಾರ ಇರಲೇಬೇಕು. ಯಾವ ಗಡಿಯಲ್ಲಿ ಎಷ್ಟು ಪಡೆ ಇದೆ ಎಂದು ಸದನದಲ್ಲಿ ಯಾರೂ ಕೇಳಬಾರದು. ಆದರೆ ಆ ಗೆರೆ ಎಲ್ಲಿದೆ ಎಂಬುದು ಖಾತೆಗೇ ಸದಾ ಸ್ಪಷ್ಟವಿರುವುದಿಲ್ಲ. ರಫೇಲ್ ಯುದ್ಧವಿಮಾನ ಒಂದರ ದರ ಸುಮಾರು 670 ಕೋಟಿ ರೂಪಾಯಿ ಎಂದು 2016ರ ನವೆಂಬರ್‌ನಲ್ಲಿ ಲೋಕಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ ಹೇಳಲಾಗಿತ್ತು. 2018ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ಅದೇ ವಿಮಾನಗಳ ದರ ಕೇಳಿದಾಗ ಫ್ರಾನ್ಸ್ ಜೊತೆಗಿನ ಒಪ್ಪಂದದ ಗೋಪ್ಯತೆಯ ಷರತ್ತನ್ನು ಮುಂದಿಟ್ಟು ವಿವರ ಕೊಡಲಾಗದು ಎಂದರು. ಎರಡರಲ್ಲಿ ಯಾವುದು ಸರಿ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಹಿಂದಿನ ಉತ್ತರವನ್ನು ಓದಿಕೊಂಡು ಹೋದ ಸದಸ್ಯರಿಗೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ, ಓದದವರಿಗೆ ಎರಡೂ ಬೇರೆ ಬೇರೆ ಉತ್ತರಗಳಾಗಿಯೇ ಉಳಿಯುತ್ತವೆ.

ನಮ್ಮವರು ಕೇಳಬೇಕಾದದ್ದು ಇದಕ್ಕಿಂತ ಹತ್ತಿರದ್ದು. ಬೆಳಗಿನ ಐದೂವರೆಗೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋದರೆ, ಕೆಲವರು ಬರಿಗಾಲಲ್ಲಿ, ಕೆಲವರು ಅಟ್ಟೆ ಸವೆದ ಬೂಟಿನಲ್ಲಿ, ಮೊಬೈಲ್‌ನಲ್ಲಿ ಸಮಯ ನೋಡಿಕೊಂಡು 1,600 ಮೀಟರ್ ಓಟದ ತಾಲೀಮು ಮಾಡುವ ಹಳ್ಳಿಯ ಹುಡುಗರು ಕಾಣುತ್ತಾರೆ. ಸೇನಾ ಭರ್ತಿಯೇ ಅವರ ಗುರಿ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಅವರಿಗೆ ಸಿಗುವುದು ನಾಲ್ಕು ವರ್ಷದ ಸೇವೆ; ಗರಿಷ್ಠ ಶೇ 25ರಷ್ಟು ಮಂದಿಯನ್ನು ಮಾತ್ರ ಕಾಯಂ ಮಾಡಿಕೊಳ್ಳುತ್ತಾರೆ, ಉಳಿದವರು ಸೇವಾ ನಿಧಿಯ ಹಣ ಪಡೆದು ಪಿಂಚಣಿ ಇಲ್ಲದೆ ಮನೆಗೆ ಬರುತ್ತಾರೆ. ನಮ್ಮ ಮೂರೂ ಜಿಲ್ಲೆಗಳು ಬೆಳಗಾವಿಯ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಯಲ್ಲಿವೆ. ನನ್ನ ಕೈಗೆ ಲೇಖನಿ ಕೊಟ್ಟರೆ ಪ್ರಶ್ನೆಯನ್ನು ಹೀಗೆ ಬರೆಯುತ್ತೇನೆ: (ಅ) ಅಗ್ನಿಪಥ ಯೋಜನೆ ಜಾರಿಯಾದಂದಿನಿಂದ ಬೆಳಗಾವಿ ನೇಮಕಾತಿ ಕಚೇರಿಯ ವ್ಯಾಪ್ತಿಯಿಂದ ಅರ್ಜಿ ಹಾಕಿದವರು ಮತ್ತು ಆಯ್ಕೆಯಾದವರು ಎಷ್ಟು, ವರ್ಷವಾರು, ಜಿಲ್ಲಾವಾರು ವಿವರ ಕೊಡುವುದು, (ಆ) ತರಬೇತಿಯ ಹಂತದಲ್ಲಿಯೇ ಬಿಟ್ಟು ಬಂದವರೆಷ್ಟು, (ಇ) ನಾಲ್ಕು ವರ್ಷ ಪೂರೈಸಿ ಹೊರಬರುವವರಿಗೆ ಕೇಂದ್ರದ ಪಡೆಗಳಲ್ಲಿ ಕಾದಿರಿಸಿದ ಹುದ್ದೆಗಳು ಎಷ್ಟು, ಅದರ ಅಧಿಸೂಚನೆ ಹೊರಡುವ ದಿನ ಯಾವುದು. ಇದರಲ್ಲಿ ಯೋಜನೆಯನ್ನು ಹೊಗಳುವ ಮಾತೂ ಇಲ್ಲ, ತೆಗಳುವ ಮಾತೂ ಇಲ್ಲ. ಉತ್ತರ ಬಂದ ಮೇಲೆ ಹೊಗಳುವವರು ಹೊಗಳಲಿ, ತೆಗಳುವವರು ತೆಗಳಲಿ. ಕ್ರೀಡಾಂಗಣದ ಹುಡುಗರಿಗೆ ಬೇಕಾದದ್ದು ಆ ಅಂಕಿಗಳು.

ನಿವೃತ್ತ ಸೈನಿಕರ ಚಿಕಿತ್ಸೆಯ ಯೋಜನೆ ಶುಕ್ರವಾರದ ಪಟ್ಟಿಯಲ್ಲಿ ಇನ್ನೊಂದು ವಿಚಿತ್ರ. 2003ರಲ್ಲಿ ಬಂದ ಇಸಿಎಚ್‌ಎಸ್ ಕೇಳಿದರೆ ಆರೋಗ್ಯದ ವಿಷಯ, ಉತ್ತರ ಕೊಡಬೇಕಾದವರು ರಕ್ಷಣಾ ಸಚಿವರು. ಖಾಸಗಿ ಆಸ್ಪತ್ರೆಗಳಿಗೆ ಈ ಯೋಜನೆಯಿಂದ ಬರಬೇಕಾದ ಬಾಕಿ ಎಷ್ಟು ಎಂಬ ಪ್ರಶ್ನೆ ಆಗಾಗ ಸದನಕ್ಕೆ ಬರುತ್ತದೆ. ಬಾಕಿ ಬೆಳೆದಾಗ ಆಸ್ಪತ್ರೆಗಳು ಕಾರ್ಡು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡುತ್ತವೆ ಎಂದು ಪರಿಚಯದ ಮಾಜಿ ಸೈನಿಕರು ಹೇಳುವುದನ್ನು ಕೇಳಿದ್ದೇನೆ. 2025–26ರ ಬಜೆಟ್‌ನಲ್ಲಿ ರಕ್ಷಣೆಗೆ ಸುಮಾರು 6.81 ಲಕ್ಷ ಕೋಟಿ ರೂಪಾಯಿ ಇಟ್ಟಿದ್ದಾರೆ, ಅದರಲ್ಲಿ ಪಿಂಚಣಿಗೇ ಸುಮಾರು 1.60 ಲಕ್ಷ ಕೋಟಿ. ಇಷ್ಟು ದೊಡ್ಡ ಮೊತ್ತದಲ್ಲಿ ನಮ್ಮ ಭಾಗದ ಮಾಜಿ ಸೈನಿಕರಿಗೆ ಯೋಜನೆಗೆ ಒಳಪಟ್ಟ ಆಸ್ಪತ್ರೆಗಳು ಎಷ್ಟು, ಎಲ್ಲೆಲ್ಲಿ ಎಂದು ಕೇಳುವುದು ಸಣ್ಣ ಪ್ರಶ್ನೆಯಂತೆ ಕಂಡರೂ ಅಗತ್ಯವಾದದ್ದು.

ಇನ್ನು ವಿದೇಶಗಳಿಗೆ ಕೊಡುವ ನೆರವು. ನಮ್ಮಲ್ಲೇ ಕುಡಿಯುವ ನೀರಿಲ್ಲ, ಬೇರೆ ದೇಶಕ್ಕೇಕೆ ಹಣ ಎಂಬ ಮಾತು ಚಹಾದಂಗಡಿಯಲ್ಲಿ ಹೊರಟರೆ ಎಲ್ಲರೂ ತಲೆಯಾಡಿಸುತ್ತಾರೆ. ಸಂಸದರೂ ಅದನ್ನೇ ಸದನದಲ್ಲಿ ಗಟ್ಟಿಯಾಗಿ ಹೇಳಿದರೆ ಚಪ್ಪಾಳೆ ಸಿಗಬಹುದು, ಮಾಹಿತಿ ಸಿಗುವುದಿಲ್ಲ. 2025–26ರಲ್ಲಿ ವಿದೇಶಾಂಗ ಖಾತೆಗೆ ಇಟ್ಟ ಒಟ್ಟು ಹಣ ಸುಮಾರು 20,516 ಕೋಟಿ ರೂಪಾಯಿ. ನೆರವಿನಲ್ಲಿ ಅತಿ ದೊಡ್ಡ ಪಾಲು ಭೂತಾನ್‌ಗೆ, 2,150 ಕೋಟಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಘೋಷಿಸುತ್ತಿರುವ 5,000 ಕೋಟಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಭೂತಾನದ ಪಾಲು ಅದರ ಅರ್ಧಕ್ಕಿಂತ ಕಡಿಮೆ. ಅದೂ ಅಲ್ಲದೆ ಕೊಟ್ಟ ಹಣವೆಲ್ಲ ಹೋಗಿಯೇ ಬಿಡುವುದಿಲ್ಲ. ಭೂತಾನದ 336 ಮೆಗಾವಾಟ್‌ನ ಚುಖಾ ಜಲವಿದ್ಯುತ್ ಯೋಜನೆಗೆ ಭಾರತ ಶೇ 60 ಅನುದಾನ, ಶೇ 40 ಸಾಲದ ರೂಪದಲ್ಲಿ ಹಣ ಹಾಕಿತು. 1980ರ ದಶಕದಿಂದ ಅಲ್ಲಿನ ಹೆಚ್ಚುವರಿ ವಿದ್ಯುತ್ ನಮಗೇ ಬರುತ್ತಿದೆ. ಆದ್ದರಿಂದ ಏಕೆ ಕೊಟ್ಟಿರಿ ಎಂಬುದಕ್ಕಿಂತ, ಘೋಷಿಸಿದ ಸಾಲದಲ್ಲಿ ನಿಜವಾಗಿ ಬಿಡುಗಡೆಯಾದದ್ದೆಷ್ಟು, ಕೈಗೊಂಡ ಕಾಮಗಾರಿಗಳಲ್ಲಿ ಮುಗಿದವೆಷ್ಟು, ಮರುಪಾವತಿ ಯಾವ ಸ್ಥಿತಿಯಲ್ಲಿದೆ ಎಂದು ದೇಶವಾರು ಕೇಳುವುದು ಹೆಚ್ಚು ಫಲ ಕೊಡುವ ದಾರಿ. 2022ರ ಬಿಕ್ಕಟ್ಟಿನಲ್ಲಿ ಶ್ರೀಲಂಕಾಕ್ಕೆ ನಾವು ಕೊಟ್ಟ ಸುಮಾರು 400 ಕೋಟಿ ಡಾಲರ್ ನೆರವಿನಲ್ಲಿ ದಾನವೆಷ್ಟು, ಸಾಲವೆಷ್ಟು ಎಂಬುದು ಬೇರೆ ಬೇರೆಯಾಗಿ ಗೊತ್ತಾಗಬೇಕಾದರೆ ಪ್ರಶ್ನೆಯೂ ಹಾಗೆ ಬಿಡಿಬಿಡಿಯಾಗಿಯೇ ಇರಬೇಕು. 2021ರ ಜನವರಿ 20ರಿಂದ ಹೊರದೇಶಗಳಿಗೆ ಲಸಿಕೆ ಕಳುಹಿಸಿದಾಗ ವಿದೇಶಾಂಗ ಖಾತೆ ಉಚಿತವಾಗಿ ಕೊಟ್ಟದ್ದು, ಮಾರಿದ್ದು, ಅಂತರರಾಷ್ಟ್ರೀಯ ಕೊವ್ಯಾಕ್ಸ್ ವ್ಯವಸ್ಥೆಯ ಮೂಲಕ ಹೋದದ್ದು ಎಂದು ಮೂರು ಕಲಂ ಮಾಡಿ ಪಟ್ಟಿ ಪ್ರಕಟಿಸಿತ್ತು. ಆ ಮಾದರಿಯ ಪಟ್ಟಿ ಎಲ್ಲ ನೆರವಿಗೂ ಸಾಧ್ಯ.

ಕಲಬುರಗಿಗೆ ಇದರಲ್ಲಿ ಏನು ಕೆಲಸ ಎನ್ನುವವರು ತೊಗರಿ ರಾಶಿಯ ಕಾಲದಲ್ಲಿ ನೆಹರೂ ಗಂಜ್‌ಗೆ ಒಮ್ಮೆ ಹೋಗಿಬರಬೇಕು. ಅಡತಿ ಅಂಗಡಿಯ ಮುಂದೆ ಚೀಲಕ್ಕೆ ಚುಚ್ಚುಗೊಳವೆ ಹಾಕಿ, ಅಂಗೈಗೆ ಬಂದ ಕಾಳನ್ನು ಉಜ್ಜಿ, ಹಲ್ಲಿನಲ್ಲಿ ಕಡಿದು ತೇವ ನೋಡುವ ಖರೀದಿದಾರ ದರ ಹೇಳುವ ಮೊದಲು ಹೇಳುವ ಮಾತು ಒಂದೇ: “ಮೊಜಾಂಬಿಕ್ ಮಾಲ್ ಬಂದದ ನೋಡ್ರಿ, ರೇಟ್ ಬೀಳ್ತದ.” 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ನಮ್ಮ ತೊಗರಿಯ ಬೆಲೆ ಆಫ್ರಿಕಾದ ಹಡಗಿನ ಮೇಲೆ ನಿಂತಿದೆ. ಆ ಹಡಗಿನ ಹಿಂದೆ ಇರುವುದು 2016ರಲ್ಲಿ ಭಾರತ ಮತ್ತು ಮೊಜಾಂಬಿಕ್ ಸರ್ಕಾರಗಳು ಮಾಡಿಕೊಂಡ ಒಪ್ಪಂದ. ವರ್ಷಕ್ಕೆ 1 ಲಕ್ಷ ಟನ್‌ನಿಂದ ಆರಂಭಿಸಿ 2 ಲಕ್ಷ ಟನ್‌ವರೆಗೆ ಅಲ್ಲಿಂದ ಬೇಳೆಕಾಳು ಕೊಳ್ಳುವುದಾಗಿ ನಾವು ಮಾತು ಕೊಟ್ಟೆವು. ಅದೇ ದೇಶಕ್ಕೆ ನಾವು ಸಾಲ ಸೌಲಭ್ಯವನ್ನೂ ಕೊಡುತ್ತಿದ್ದೇವೆ. ಆಮದಿನ ಸುಂಕ ವಾಣಿಜ್ಯ ಮತ್ತು ಹಣಕಾಸು ಖಾತೆಗಳ ವಿಷಯವಿರಬಹುದು, ಒಪ್ಪಂದ ಮಾತ್ರ ವಿದೇಶ ನೀತಿಯ ಭಾಗ. ಒಪ್ಪಂದವನ್ನು ಮುಂದುವರಿಸುವ ಮುನ್ನ ತೊಗರಿ ಬೆಳೆಯುವ ರಾಜ್ಯಗಳ ಅಭಿಪ್ರಾಯ ಕೇಳಲಾಗಿತ್ತೇ, ಕೇಳಿದ್ದರೆ ಕರ್ನಾಟಕ ಏನು ಹೇಳಿತು, ಹಡಗು ಬರುವ ತಿಂಗಳುಗಳನ್ನು ನಮ್ಮ ರಾಶಿಯ ತಿಂಗಳುಗಳಿಂದ ದೂರ ಇಡುವ ಮಾತುಕತೆ ನಡೆದಿದೆಯೇ ಎಂದು ನಮ್ಮ ಸಂಸದರು ವಿದೇಶಾಂಗ ಸಚಿವರನ್ನು ಕೇಳಿದರೆ, ಅದು ಕಲಬುರಗಿಯ ರೈತನ ಪರವಾಗಿ ಕೇಳಿದ ಪ್ರಶ್ನೆಯೇ ಆಗುತ್ತದೆ. ಭೂತಾನದ ವಿದ್ಯುತ್ತಿನಂತೆ ಮೊಜಾಂಬಿಕ್‌ನ ತೊಗರಿಯೂ ಕೊಟ್ಟು ಪಡೆಯುವ ಲೆಕ್ಕವೇ. ಈ ಲೆಕ್ಕದಲ್ಲಿ ಕೊಡುವ ಪಾಲು ನಮ್ಮ ಭಾಗದ ಮೇಲೆ ಹೆಚ್ಚು ಬಿದ್ದಿದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಚೆನ್ನಾಗಿದ್ದರೂ ಉತ್ತರ ಸೋರಿಹೋಗುವ ತೂತುಗಳು ಹಲವಿವೆ. ಲಿಖಿತ ಉತ್ತರದ ಹಾಳೆಯನ್ನು ನೋಡಿದವರಿಗೆ ಗೊತ್ತು. ಮೇಲೆ ಪ್ರಶ್ನೆಯ ಸಂಖ್ಯೆ, ದಿನಾಂಕ, ಸದಸ್ಯರ ಹೆಸರು. ಕೆಳಗೆ ಐದು ಭಾಗದ ಪ್ರಶ್ನೆ. ಅದರ ಕೆಳಗೆ ಐದಕ್ಕೂ ಸೇರಿಸಿ ಒಂದೇ ಉತ್ತರ. ಒಂದು ಯೋಜನೆಯ ಉದ್ದೇಶಗಳನ್ನು ಒಂದೂವರೆ ಪುಟ ವಿವರಿಸಿ, ಕೇಳಿದ ಜಿಲ್ಲೆಯ ಅಂಕಿಯನ್ನು ಮಾತ್ರ ಬಿಟ್ಟಿರುತ್ತಾರೆ. ಇಲ್ಲವೆ ಮೊದಲ ಭಾಗಕ್ಕೆ “ಇಲ್ಲ” ಎಂದು ಬರೆದು, ಉಳಿದ ನಾಲ್ಕಕ್ಕೆ “ಪ್ರಶ್ನೆ ಉದ್ಭವಿಸುವುದಿಲ್ಲ” ಎಂದು ಕೈತೊಳೆದುಕೊಳ್ಳುತ್ತಾರೆ. ಮೊದಲ ಭಾಗವನ್ನು ಹೌದೇ, ಅಲ್ಲವೇ ಎಂಬಂತೆ ಬರೆಯುವ ಚಾಳಿಯನ್ನು ನಮ್ಮ ಸದಸ್ಯರು ಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ. “ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು” ಎಂಬ ಸಾಲು ಬಂದರೆ ಬೇಸರಪಡಬೇಕಾಗಿಲ್ಲ, ಅದನ್ನು ಭರವಸೆ ಎಂದು ಲೆಕ್ಕಕ್ಕೆ ತೆಗೆದುಕೊಂಡು ಮೂರು ತಿಂಗಳಲ್ಲಿ ಈಡೇರಿಸಬೇಕೆಂಬ ನಿಯಮವಿದೆ. ಅದನ್ನು ನೋಡಿಕೊಳ್ಳಲೆಂದೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಉತ್ತರ ಅರೆಬರೆ ಎನ್ನಿಸಿದರೆ ನಿಯಮ 55ರ ಪ್ರಕಾರ ಅರ್ಧ ಗಂಟೆಯ ಚರ್ಚೆ ಕೇಳಬಹುದು. ಈ ಎರಡು ದಾರಿಗಳನ್ನೂ ಬಳಸುವವರು ಕಡಿಮೆ, ಏಕೆಂದರೆ ಅವು ಮುಖಪುಟದ ಸುದ್ದಿಯಾಗುವುದಿಲ್ಲ.

ಆಡಳಿತ ಪಕ್ಷದ ಸದಸ್ಯರು ತಮ್ಮ ಸಚಿವರನ್ನೇ ಹೇಗೆ ಕೇಳುವುದು ಎಂದು ಸಂಕೋಚಪಡುವುದುಂಟು. 1957ರಲ್ಲಿ ಜೀವ ವಿಮಾ ನಿಗಮ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರು ಕೊಂಡ ಸಂಗತಿ ಲೋಕಸಭೆಗೆ ಮೊದಲು ಬಂದದ್ದು ಒಂದು ಪ್ರಶ್ನೆಯ ರೂಪದಲ್ಲಿಯೇ. ಬಂದ ಉತ್ತರ ಹಾರಿಕೆಯದಾಗಿದ್ದರಿಂದ ಫಿರೋಜ್ ಗಾಂಧಿ ಅದನ್ನು ಬಿಡದೆ ಚರ್ಚೆಗೆ ತಂದರು, ಎಂ.ಸಿ. ಛಾಗ್ಲಾ ಅವರ ವಿಚಾರಣಾ ಆಯೋಗ ನೇಮಕವಾಯಿತು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ ಗಾಂಧಿ ಆಡಳಿತ ಪಕ್ಷದವರು, ಪ್ರಧಾನಿಯ ಅಳಿಯ. ಅವರಿಗಿಲ್ಲದ ಸಂಕೋಚ ಈಗಿನವರಿಗೇಕೆ ಎಂದು ಕೇಳಬಹುದು. ಹಣ ಪಡೆದು ಪ್ರಶ್ನೆ ಕೇಳಿದ ಆರೋಪದ ಮೇಲೆ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಿದ್ದೂ ಇದೇ ಸಂಸತ್ತು. ಪ್ರಶ್ನೆಗೆ ಬೆಲೆ ಇದೆ ಎಂದು ಕೆಟ್ಟ ಉದ್ದೇಶದವರಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು.

ಇನ್ನು ತಮ್ಮ ಪತ್ರಿಕೆಗೆ ಎರಡು ಕೋರಿಕೆ. ಸಂಸತ್ತಿನ ಪ್ರತಿ ಅಧಿವೇಶನ ಮುಗಿದ ವಾರದಲ್ಲಿ ಕಲಬುರಗಿ, ಬೀದರ್ ಮತ್ತು ರಾಯಚೂರು ಕ್ಷೇತ್ರಗಳ ಸದಸ್ಯರು ಕೇಳಿದ ಪ್ರಶ್ನೆಗಳ ಸಂಖ್ಯೆಯನ್ನಷ್ಟೇ ಹಾಕಿ ಸ್ಪರ್ಧೆಯ ಅಂಕಪಟ್ಟಿ ಮಾಡುವುದು ಬೇಡ. ನೂರು ಪ್ರಶ್ನೆ ಕೇಳಿದವರು ಹತ್ತು ಕೇಳಿದವರಿಗಿಂತ ಮೇಲು ಎಂಬ ಲೆಕ್ಕ ಸಂಸದರನ್ನೂ ಅವರ ಆಪ್ತ ಸಹಾಯಕರನ್ನೂ ತಪ್ಪು ದಾರಿಗೆ ಎಳೆಯುತ್ತದೆ. ಅದರ ಬದಲು ನಮ್ಮ ಜಿಲ್ಲೆಗಳಿಗೆ ಸಂಬಂಧಿಸಿದ ಒಂದೆರಡು ಪ್ರಶ್ನೆಗಳನ್ನು ಉತ್ತರ ಸಮೇತ, ಸಂಖ್ಯೆ ಮತ್ತು ದಿನಾಂಕದೊಂದಿಗೆ, ಜಿಲ್ಲಾ ಪುಟದಲ್ಲಿ ಪೂರ್ತಿಯಾಗಿ ಮುದ್ರಿಸಿದರೆ ಓದುಗರೇ ತೂಗಿ ನೋಡುತ್ತಾರೆ. ಎರಡನೆಯದು, ಭರವಸೆಯಾಗಿ ಉಳಿದ ಉತ್ತರವನ್ನು ಮೂರು ತಿಂಗಳ ನಂತರ ಮತ್ತೊಮ್ಮೆ ನೋಡಿ, ಮಾಹಿತಿ ಮಂಡನೆಯಾಯಿತೇ ಇಲ್ಲವೇ ಎಂದು ಎರಡು ಸಾಲು ಬರೆಯುವುದು. ಮುಂದಿನ ಅಧಿವೇಶನದ ಮೊದಲ ದಿನದ ಪ್ರಶ್ನೆಗಳಿಗೆ ಸೂಚನೆ ಕೊಡುವ ಗಡುವು ಅಧಿವೇಶನ ಆರಂಭಕ್ಕಿಂತ ಎರಡು ವಾರ ಮೊದಲೇ ಮುಗಿಯುತ್ತದೆ. ಆದ್ದರಿಂದ ಅಗ್ನಿಪಥದಡಿ ಸೇನೆ ಸೇರಿದ ಅಗ್ನಿವೀರರ ಜಿಲ್ಲಾವಾರು ಅಂಕಿ, ಯಾದಗಿರಿ ಕಾಲೇಜಿಗೆ ಬಂದ ಕೇಂದ್ರದ ಪಾಲು ಮತ್ತು ಮೊಜಾಂಬಿಕ್ ಒಪ್ಪಂದ ಈ ಮೂರನ್ನು ನಮ್ಮ ಮೂವರು ಸಂಸದರು ಈಗಲೇ ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ, ಕಲಬುರಗಿ